ಒಂದೇ ಬಾಗಿಲಿನ ಮನೆ

ಹಳೆಯ ಮನೆಯನ್ನು ಬಾಯಿತುಂಬ ಹೊಗಳಬೇಕಾದರೆ ಅದರಿಂದ ಒಂದಷ್ಟು ಮೈಲಿ ದೂರದಲ್ಲಿ ವಾಸವಾಗಿರಬೇಕು ಎಂಬುದು ನನ್ನ ಅನುಭವ. ಅದರೊಳಗೇ ಇರುವವರು ಹೊಗಳುವುದಿಲ್ಲ. ಅವರಿಗೆ ಹೆಂಚು ಕೈಯಾಡಿಸುವ ಕೆಲಸವಿರುತ್ತದೆ, ಗೆದ್ದಲು ಕೆರೆಯುವ ಕೆಲಸವಿರುತ್ತದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ರಾಮನಗರದ ನನ್ನ ತಾರಸಿ ಮನೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿಕೊಂಡು, ಕೈಲಾಂಚದ ಕಡೆಯಿರುವ ನಮ್ಮ ಹಳ್ಳಿಮನೆಯ ಮಣ್ಣುಗೋಡೆಯ ತಂಪಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಮಾತು ಮುಗಿಸುವ ಹೊತ್ತಿಗೆ ನನ್ನ ಹೆಂಡತಿ, "ಅಷ್ಟು ತಂಪಾಗಿದ್ರೆ ಅಲ್ಲೇ ಹೋಗಿ ಇರಿ, ಯಾರು ಬೇಡ ಅಂದ್ರು" ಎಂದು ಕರೆಂಟು ಬಿಲ್ಲನ್ನು ನನ್ನ ಮುಂದೆ ಇಡುತ್ತಾಳೆ. ನಾನು ಮಾತು ಬದಲಿಸುತ್ತೇನೆ.

ಆ ಮನೆಯನ್ನು ಕಟ್ಟಿಸಿದವನು ನಮ್ಮ ಮುತ್ತಾತ. ನಡುವೆ ತೊಟ್ಟಿ, ಸುತ್ತ ಪಡಸಾಲೆ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ, ಇನ್ನೊಂದು ಪಕ್ಕಕ್ಕೆ ಅಡಿಗೆಮನೆ, ಮೇಲೆ ನಾಡಹೆಂಚು. ಇಷ್ಟು ದೊಡ್ಡ ಮನೆಗೆ ಇರುವುದು ಒಂದೇ ಬಾಗಿಲು. ಮುತ್ತಾತನಿಗೆ ಕಳ್ಳರ ಭಯ ವಿಪರೀತವಾಗಿತ್ತಂತೆ. ಬಾಗಿಲು ಒಂದಾದರೆ ಅಗುಳಿಯೂ ಒಂದು, ಅಗುಳಿಯ ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡರೆ ನಿದ್ದೆಯೂ ಸರಿಯಾಗಿ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. ಹಾಗಾಗಿ ನೆಂಟರು, ಎಮ್ಮೆ, ಮದುಮಗಳು, ಗೊಬ್ಬರದ ಮಂಕರಿ ಎಲ್ಲವೂ ಒಂದೇ ಬಾಗಿಲಿನಲ್ಲಿ ಓಡಾಡಿಕೊಂಡು ಬಂದಿವೆ. ಆ ಬಾಗಿಲೂ ಗಿಡ್ಡ. ದೊಡ್ಡವರ ಮನೆಗೆ ತಲೆಬಾಗಿ ಬರಲಿ ಅಂತ ಹಾಗೆ ಮಾಡಿಸಿದ್ದು ಎಂದು ನಮ್ಮ ತಾತ ಹೇಳುತ್ತಿದ್ದರು. ನಿಜ ಏನೆಂದರೆ ಹೊನ್ನೆಮರ ಸಾಲದೆ ಬಂದಿತ್ತು. ಹೊಸಬರಿಗಿರಲಿ, ಅಲ್ಲೇ ಹುಟ್ಟಿ ಬೆಳೆದ ನನಗೂ ಆ ಬಾಗಿಲು ಹಣೆಗೆ ಬಡಿಯುವುದನ್ನು ಬಿಟ್ಟಿಲ್ಲ. ಊರಿಗೆ ಹೋಗಿ ಬಂದೆನೋ ಇಲ್ಲವೋ ಎನ್ನುವುದು ನನ್ನ ಹೆಂಡತಿಗೆ ನನ್ನ ಹಣೆ ನೋಡಿದರೆ ತಿಳಿಯುತ್ತದೆ.

ಮನೆಯನ್ನು ಮುತ್ತಾತ ಕಟ್ಟಿಸಿದನಾದರೂ ಅದರ ಯಜಮಾನಿಕೆ ಮಾಡಿದ್ದು ರೇಷ್ಮೆ ಹುಳ. ಈ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಡಸಾಲೆಯ ತುಂಬ ಹುಳದ ತಟ್ಟೆಗಳ ಸ್ಟ್ಯಾಂಡು, ಹುಳ ಗೂಡು ಕಟ್ಟಲೆಂದು ಗೋಡೆಗೊರಗಿಸಿದ ಬಿದಿರಿನ ಚಂದ್ರಿಕೆ, ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ. ಮನುಷ್ಯರು ಜಗಲಿಯ ಮೇಲೆ. ಹುಳಕ್ಕೆ ಗಾಳಿ ಹೊಡೆಯಬಾರದು, ಬಿಸಿಲು ಬೀಳಬಾರದು, ಒಗ್ಗರಣೆಯ ಘಾಟು ತಾಕಬಾರದು, ಹೂ ಮುಡಿದವರು ಹತ್ತಿರ ಹೋಗಬಾರದು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಕೂತರೆ ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಇಡೀ ಮನೆ ಪಿಸುಮಾತಿನಲ್ಲಿ ಮಾತಾಡುತ್ತಿತ್ತು. ನನಗೊಮ್ಮೆ ನಿಜವಾದ ಜ್ವರ ಬಂದಾಗ, "ಹೊರಗೆ ಮಲಗ್ಲಾ, ಕೆಮ್ಮಿ ಹುಳ ಎಬ್ಬಿಸ್ಬುಟ್ಟೀಯ" ಎಂದು ಕಂಬಳಿ ಕೊಟ್ಟು ಜಗಲಿಗೆ ಕಳಿಸಿದ್ದರು. ಬೇಸರವಿಲ್ಲ. ನಾನು ಓದಿದ್ದು, ಉಟ್ಟಿದ್ದು ಎಲ್ಲವೂ ಅವುಗಳ ದಯೆಯೇ.

ನಮ್ಮ ಅತ್ತಿಗೆ ಈ ಮನೆಗೆ ಮದುವೆಯಾಗಿ ಬಂದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಪ್ಪ ಮೊದಲೇ ಇರಲಿಲ್ಲ, ಅವ್ವ ತೀರಿಕೊಂಡು ಆಗಲೇ ಒಂದೆರಡು ವರ್ಷ ಕಳೆದಿತ್ತು. ಮಾಗಡಿ ಕಡೆಯಿಂದ ಬಂದ ಆ ಹುಡುಗಿ ಗಂಡನಿಗಿಂತ ಮೊದಲು ನನ್ನ ತಲೆಗೆ ಎಣ್ಣೆ ಹಚ್ಚಿದಳು ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಬಂದ ಹೊಸದರಲ್ಲಿ ಅವರು ಅಡಿಗೆಮನೆಯೊಳಗೆ ನಿಂತು, "ಇಲ್ಲಿಗೆ ಒಂದು ಕಿಟಕಿ ಇಲ್ವಾ" ಎಂದು ಕೇಳಿದರಂತೆ. ಇರಲಿಲ್ಲ. ಹೆಂಚಿನ ಸಂದಿಯಲ್ಲಿ ಕೈಯಗಲದ ಒಂದು ಗವಾಕ್ಷಿ ಬಿಟ್ಟರೆ ಆ ಕೋಣೆಗೆ ಕಣ್ಣೇ ಇರಲಿಲ್ಲ. ಮೂಡಲ ಕಡೆಯ ಗೋಡೆಗೆ ಒಂದು ಕಿಟಕಿ ಇಟ್ಟರೆ ಹೊಗೆಯೂ ಹೋಗುತ್ತದೆ, ಬೆಳಕೂ ಬರುತ್ತದೆ ಎಂದು ಅತ್ತಿಗೆ ಹೇಳಿದರು. ಆ ಗೋಡೆಯ ಆಚೆ ನಮ್ಮದೇ ಸಣ್ಣ ಹಿತ್ತಿಲು, ಅದರಾಚೆ ರಸ್ತೆ, ಹುಣಸೆಮರ, ರಾಮನಗರದ ಬಸ್ಸು ನಿಲ್ಲುವ ಜಾಗ. ತಾತ ಹುಳದ ತಟ್ಟೆಯ ಮೇಲಿಂದ ತಲೆಯೆತ್ತದೆ, "ಈ ಬೆಳೆ ಒಂದು ಆಗ್ಲಿ ಕಣವ್ವ" ಅಂದರು.

ರೇಷ್ಮೆಯಲ್ಲಿ ಈ ಬೆಳೆ ಎನ್ನುವುದಕ್ಕೆ ಕೊನೆಯಿಲ್ಲ. ರಾಗಿಯಾದರೆ ವರ್ಷಕ್ಕೊಮ್ಮೆ ಕೊಯ್ದು ಕಣ ಮಾಡಿ ಕೈ ಕೊಡವಿ ಕೂರಬಹುದು. ಹುಳ ಹಾಗಲ್ಲ. ಒಂದು ಬೆಳೆಯ ಗೂಡನ್ನು ಮಾರುಕಟ್ಟೆಗೆ ಹೊತ್ತುಕೊಂಡು ಹೋದವರು ಬರುವಾಗ ಮುಂದಿನ ಬೆಳೆಯ ಮೊಟ್ಟೆ ತಂದಿರುತ್ತಾರೆ. ನಡುವೆ ಸಿಗುವ ನಾಲ್ಕು ದಿನದಲ್ಲಿ ತಟ್ಟೆ ತೊಳೆಯಬೇಕು, ಮನೆ ಸಾರಿಸಬೇಕು, ಸುಣ್ಣ ಬಳಿಯಬೇಕು. ಗೋಡೆ ಒಡೆದು ಧೂಳೆಬ್ಬಿಸಿದರೆ ಮೊಟ್ಟೆ ಎಲ್ಲಿಡುವುದು. ಹಾಗಾಗಿ ಕಿಟಕಿ ಆಮೇಲೆ. ತಾತ ಹೋದ ಮೇಲೆ ಅಣ್ಣ ಅದೇ ಮಾತನ್ನು ಆಸ್ತಿಯ ಜೊತೆಗೆ ತೆಗೆದುಕೊಂಡ. ಆಮೇಲೆ ಊಜಿ ನೊಣದ ಕಾಟ ಶುರುವಾಯಿತು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ನುಂಗುವ ನೊಣ ಅದು. ಇದ್ದ ಕಿಂಡಿಗಳಿಗೇ ಬಲೆ ಹೊಡೆಯುವ ಕಾಲದಲ್ಲಿ ಹೊಸ ಕಿಟಕಿಯ ಮಾತೆತ್ತುವುದಕ್ಕೆ ಅತ್ತಿಗೆಗೇ ನಾಚಿಕೆಯಾಯಿತು. ನೊಣದ ಭಯ ಕಡಿಮೆಯಾದಾಗ ಗಾರೆಯವನೊಬ್ಬ ಬಂದು ಗೋಡೆಯನ್ನು ತಟ್ಟಿ ನೋಡಿ, "ತೊಲೆ ಕೂತಿರೋದೇ ಇದ್ರ ಮ್ಯಾಲೆ. ಮುಟ್ಟುದ್ರೆ ಮನೆ ಕೂತ್ಕತದೆ" ಎಂದು ಹೇಳಿ ಕಾಫಿ ಕುಡಿದು ಹೋದ. ಮನೆ ಕೂರುತ್ತದೆ ಎಂಬ ಮಾತು ಅಣ್ಣನಿಗೆ ಬಹಳ ಹಿಡಿಸಿತು. ಕೆಲಸ ಉಳಿಸುವ ಭಯ ಯಾರಿಗೆ ತಾನೆ ಹಿಡಿಸುವುದಿಲ್ಲ.

ಕರೆಂಟು ಬಂದಾಗ ಅಡಿಗೆಮನೆಗೆ ಒಂದು ಬಲ್ಬು ಬಂತು. ಒಲೆ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಅದು ಹೋಗುತ್ತಿತ್ತು. ಆದರೂ ಅಣ್ಣ, "ಬಲ್ಬು ಐತಲ್ಲ, ಇನ್ನೇನು ಕಿಟಕಿ" ಅಂದ. ಅತ್ತಿಗೆ ಒಲೆ ಊದುತ್ತಲೇ, "ಬಲ್ಬಲ್ಲಿ ಬಸ್ಸು ಕಾಣ್ತದಾ" ಎಂದು ಕೇಳಿದರು. ಅವರಿಗೆ ಕಿಟಕಿ ಬೇಕಾಗಿದ್ದುದು ಹೊಗೆಗಲ್ಲ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಎಸರಿಡುವ ಹೊತ್ತಿಗೆ ಸರಿಯಾಗಿ ಬಸ್ಸು ಬರುತ್ತದೆ. ಯಾರಿಳಿದರು ಅಂತ ಒಲೆಯ ಮುಂದಿನಿಂದಲೇ ಕಂಡರೆ ಅಷ್ಟು ಜನಕ್ಕೆ ನೀರಿಡಬಹುದು. ಕಾಣದಿದ್ದರೆ ಮುದ್ದೆ ತಿರುವಿ ಇಳಿಸಿದ ಮೇಲೆ ನೆಂಟರು ಬಾಗಿಲಿನಲ್ಲಿ ತಲೆ ಬಡಿಸಿಕೊಂಡ ಸದ್ದು ಕೇಳುತ್ತದೆ. "ಆಗ ಬಡುಸ್ದೆ ಇರಕ್ಕಾಯ್ತದಾ, ನಮ್ಮ ಪಾಲಿನ ಮುದ್ದೆ ಕೊಟ್ಬುಟ್ಟು ನಾವು ಸಾರು ಕುಡ್ಕಂಡು ಮಲಗ್ಬೇಕು" ಎಂದು ಅತ್ತಿಗೆ ನಕ್ಕರು. ಆ ನಗು ಕೇಳಿದವರು ಇದೇನು ಅಂಥ ದೊಡ್ಡ ತೊಂದರೆಯಲ್ಲ ಎಂದುಕೊಳ್ಳುತ್ತಿದ್ದರು. ನಾವೂ ಹಾಗೇ ಅಂದುಕೊಂಡೆವು.

ಆಗ ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಬೀಗುತ್ತಿದ್ದ ಕಾಲ. ಮೊಳೆ ಹೊಡೆಯಲು ಬಾರದಿದ್ದರೂ ಅಳತೆ ಹಾಕಲು ಬರುತ್ತಿತ್ತು. ಸುಣ್ಣದ ಬಟ್ಟಲು ಹಿಡಿದುಕೊಂಡು ಅಡಿಗೆಮನೆಯ ಮಸಿಗೋಡೆಯ ಮೇಲೆ, ಅತ್ತಿಗೆ ಒಲೆಯ ಮುಂದೆ ಕೂತರೆ ಕಣ್ಣಿಗೆ ನೇರವಾಗಿ ಬರುವ ಹಾಗೆ, ಒಂದು ಕಿಟಕಿ ಬರೆದೆ. ಚೌಕಟ್ಟು, ಎರಡು ರೆಕ್ಕೆ, ನೆಟ್ಟಗೆ ನಿಂತ ಸರಳು. ಗಾರೆಯವನು ಯಾವಾಗ ಬಂದರೂ ಗುರುತು ಇರಲಿ ಅಂತ. ಗಾರೆಯವನು ಬರಲಿಲ್ಲ, ಗುರುತು ಉಳಿಯಿತು. ಹೊಗೆಗೆ ಅದು ಮಾಸಿದಂತೆಲ್ಲ ಅತ್ತಿಗೆ ಪ್ರತಿ ಯುಗಾದಿಗೂ ಮನೆಗೆ ಸುಣ್ಣ ಬಳಿಯುವಾಗ ಉಳಿದ ಸುಣ್ಣದಲ್ಲಿ ಬೆರಳದ್ದಿ ಗೀಟುಗಳನ್ನು ಮತ್ತೆ ತಿದ್ದುತ್ತಿದ್ದರು. "ನಿನ್ನ ಕಿಟಕೀಗೆ ಒಂದು ಅನುಕೂಲ ಐತೆ ಕಣಪ್ಪ ರಾಜ, ಮಳೇಲಿ ಇರಚಲು ಹೊಡೆಯಕ್ಕಿಲ್ಲ" ಎಂದು ನನ್ನನ್ನು ಛೇಡಿಸುತ್ತಿದ್ದರು. ನಾನು ಬರೆದ ಚಿತ್ರಗಳಲ್ಲಿ ಅಷ್ಟು ವರ್ಷ ಒಬ್ಬರು ಕಾಪಾಡಿಕೊಂಡು ಬಂದದ್ದು ಅದೊಂದೇ.

ಕಾಲ ಬದಲಾಯಿತು. ಮನೆಯೊಳಗೆ ಹುಳ ಸಾಕಬಾರದು, ಅದಕ್ಕೆ ಬೇರೆ ಮನೆ ಕಟ್ಟಬೇಕು ಎಂದು ಸಾಹೇಬರುಗಳು ಬಂದು ಹೇಳಿದರು. ತೋಟದ ಅಂಚಿಗೆ ಅಣ್ಣ ಸಿಮೆಂಟು ಇಟ್ಟಿಗೆಯ ಹುಳದ ಮನೆ ಕಟ್ಟಿಸಿದ. ಈಗಿನ ಹುಳಕ್ಕೆ ಗಾಳಿ ಬೇಕಂತೆ, ಬೆಳಕೂ ಒಂದು ಹದಕ್ಕೆ ಬೇಕಂತೆ. ನಾಲ್ಕು ಕಡೆಗೂ ದೊಡ್ಡ ದೊಡ್ಡ ಕಿಟಕಿ, ಅದಕ್ಕೆ ಬಲೆ, ಮೇಲೆ ಕೆಳಗೆ ಗಾಳಿಕಿಂಡಿ. ಪೂಜೆಯ ದಿನ ಅತ್ತಿಗೆ ಒಳಗೆ ಹೋಗಿ ಒಂದೊಂದು ಕಿಟಕಿಯ ಮುಂದೆಯೂ ನಿಂತು ಹೊರಗೆ ನೋಡಿ ಬಂದರು. ಆಮೇಲೆ, "ಮುಂದಿನ ಜನ್ಮಕ್ಕೆ ಹುಳ ಆಗಿ ಹುಟ್ತೀನಿ ಬುಡು" ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿ, ಪಾಯಸ ಬಡಿಸುವುದಕ್ಕೆ ಹೋದರು. ಅಣ್ಣ ಕೆಟ್ಟವನಲ್ಲ. ಇನ್ನು ಮನೆ ಖಾಲಿಯಾಯಿತಲ್ಲ, ಈ ಬೇಸಿಗೆಗೆ ಕಿಟಕಿ ಮಾಡಿಸಿಯೇ ಬಿಡುತ್ತೇನೆ ಅಂದ. ಆ ಬೇಸಿಗೆಗೆ ಮಗನ ಮದುವೆ ಬಂತು. ಮುಂದಿನ ಬೇಸಿಗೆಗೆ ಬೋರ್‌ವೆಲ್ ಕೆಟ್ಟಿತು. ಅಷ್ಟರಲ್ಲಿ ಈ ಮನೆಯನ್ನು ಹೊಗಳುವ ನನ್ನ ಚಾಳಿ ವಿಪರೀತವಾಗಿ, ಪೇಟೆಯ ಸ್ನೇಹಿತರನ್ನು ಭಾನುವಾರ ಕರೆದುಕೊಂಡು ಹೋಗಿ ತೊಟ್ಟಿ ತೋರಿಸುತ್ತಿದ್ದೆ, ಕಂಬ ತಟ್ಟಿ ಸದ್ದು ಕೇಳಿಸುತ್ತಿದ್ದೆ. ಅವರು ಅಡಿಗೆಮನೆಯ ಗೋಡೆಯ ಸುಣ್ಣದ ಕಿಟಕಿಯ ಫೋಟೋ ತೆಗೆದುಕೊಂಡು, ಇದು ಯಾವ ಕಾಲದ ಹಸೆ ಚಿತ್ತಾರ ಅಂತ ಕೇಳುತ್ತಿದ್ದರು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಇನ್ನೊಂದು ವಿಷಯವನ್ನೂ ನಾನು ಸ್ನೇಹಿತರ ಮುಂದೆ ಹೇಳಿಕೊಂಡು ಮೆರೆಯುತ್ತಿದ್ದೆ. ನಾನು ಯಾವ ದಿನ ಹೇಳದೆ ಕೇಳದೆ ಹೋದರೂ ಆ ಮನೆಯಲ್ಲಿ ನನಗೊಂದು ಮುದ್ದೆ ಇರುತ್ತಿತ್ತು. ಬಾಗಿಲಿಗೆ ಹಣೆ ಬಡಿಸಿಕೊಂಡು, ಉಜ್ಜಿಕೊಳ್ಳುತ್ತ ಒಳಗೆ ಕಾಲಿಟ್ಟರೆ, "ಬಂದ್ಯಾ ರಾಜ, ಕೈ ತೊಳ್ಕೊ" ಎಂದು ಅಡಿಗೆಮನೆಯಿಂದ ದನಿ ಬರುತ್ತಿತ್ತು. ಬಿಸಿ ಮುದ್ದೆ, ಉಪ್ಸಾರು, ಒಸಿ ಜಾಸ್ತಿಯೇ ಖಾರ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವರಿಗೆ ನಾನು ಬರುವುದು ಮೊದಲೇ ಹೇಗೋ ಗೊತ್ತಾಗುತ್ತದೆ, ಹೆತ್ತ ತಾಯಿಗೂ ಹೀಗೆ ಗೊತ್ತಾಗುತ್ತಿರಲಿಲ್ಲವೇನೋ ಎಂದು ನಾನು ಹೇಳುತ್ತಿದ್ದೆ. ಕೇಳಿದವರಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದೂ ಒಂದು ಸಂತೋಷವೇ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಹಾಲು ಕಾಸಿಟ್ಟು, ಎದೆ ಯಾಕೋ ಹಿಡಿದಂಗಾಗುತ್ತೆ ಎಂದು ಪಡಸಾಲೆಯಲ್ಲಿ ಮಲಗಿದವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಊರೇ ನೆರೆದಿತ್ತು. ಪುರೋಹಿತರು ಫೋನಿನಲ್ಲೇ ಪಂಚಾಂಗ ನೋಡಿ, ಹೋದ ನಕ್ಷತ್ರ ಸರಿಯಿಲ್ಲ ಅಂದರಂತೆ. ನಮ್ಮ ಕಡೆ ಅಂಥ ನಕ್ಷತ್ರದಲ್ಲಿ ಹೋದವರನ್ನು ಮುಂಬಾಗಿಲಿನಿಂದ ಎತ್ತುವುದಿಲ್ಲ, ಮೂರು ತಿಂಗಳು ಮನೆಯನ್ನೂ ಬಿಡಬೇಕು. ಇಂಥದ್ದರಲ್ಲೆಲ್ಲ ಊರಿಗೆ ಹಿರಿಯನಾದ ಕೆಂಪಣ್ಣ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, "ಹಿಂದಲ ಬಾಗ್ಲಲ್ಲಿ ಎತ್ತಿ" ಅಂದ. ಹಿಂದಲ ಬಾಗಿಲು ಎಲ್ಲಿದೆ. ಮುತ್ತಾತ ಕಳ್ಳರಿಗೆ ಹೆದರಿ ಕಟ್ಟಿಸಿದ ಮನೆ. "ಅಂಗಾರೆ ಗೋಡೆ ಒಡೀಬೇಕು" ಅಂದ ಕೆಂಪಣ್ಣ. ಯಾವ ಗೋಡೆ ಅಂತ ಯಾರೋ ಕೇಳಿದರು. ಅವನು ಒಳಗೆ ಒಂದು ಸುತ್ತು ಹಾಕಿ ಬಂದು, "ಅಡಿಗೆಮನೇಲಿ ಅದೇನೋ ಚೌಕಾಕಾರ ಗೀಟು ಹಾಕೈತಲ್ಲ, ಅಲ್ಲಿಂದ ಕೆಳಕ್ಕೆ ಒಡ್ಕಳಿ, ಸರಿಯಾಯ್ತದೆ" ಅಂದ.

ಹಾರೆ, ಗುದ್ದಲಿ ಬಂದವು. ಆ ಗೋಡೆ ಮಣ್ಣಿನದು, ಒಂದೂವರೆ ಮೊಳ ದಪ್ಪ, ಅದರ ಮೇಲೆ ತೊಲೆ ಕೂತಿದೆ, ಮುಟ್ಟಿದರೆ ಮನೆ ಕೂರುತ್ತದೆ. ಹಾಗಂತ ಕೇಳಿ ಕೇಳಿ ನಂಬಿದ್ದ ನಾನು ಮಾಡು ನೋಡುತ್ತ ನಿಂತಿದ್ದೆ. ನೆಂಟರ ಹುಡುಗರು ನಾಲ್ಕು ಜನ ಒಡೆದರು. ತೊಲೆ ಅಲುಗಲಿಲ್ಲ. ಒಂದು ಹೆಂಚೂ ಜಾರಲಿಲ್ಲ. ಸುಣ್ಣದ ಸರಳು, ಸುಣ್ಣದ ರೆಕ್ಕೆ ಎಲ್ಲ ಹೆಂಟೆಯಾಗಿ ಒಲೆಯ ಪಕ್ಕಕ್ಕೆ ಬಿದ್ದವು, ಬಿಸಿಲು ಒಳಕ್ಕೆ ಬಂತು. ಅಣ್ಣ ನನ್ನ ಭುಜ ಹಿಡಿದುಕೊಂಡಿದ್ದವನು, "ಒಂದು ಬೀಡಿ ಸೇದೋ ಹೊತ್ತಲ್ಲಿ ಒಡೆದ್ಬುಟ್ರು ಕಣ್ಲಾ" ಅಂದ. ಅಂದವನು ಕುಸಿದು ಕೂತು, ಗಂಡಸರು ಅಳಬಾರದು ಅಂತ ಹೇಳುತ್ತಿದ್ದವರ ಮುಂದೆಯೇ ಅತ್ತ. ಅತ್ತಿಗೆಯನ್ನು ಅಡಿಗೆಮನೆಯೊಳಗಿಂದ ಎತ್ತಿಕೊಂಡು ಹೋದರು. ಆ ಕೋಣೆಯಲ್ಲಿ ಅವರ ಮುಖವನ್ನು ಹಗಲ ಬೆಳಕಿನಲ್ಲಿ ನಾನು ನೋಡಿದ್ದು ಅದೇ ಮೊದಲು. ದುಃಖ ತಡೆಯಲಾಗಲಿಲ್ಲ, ನಾನೂ ಮಗುವಿನ ಹಾಗೆ ಅತ್ತೆ.

ಮನೆಗೆ ಬೀಗ ಹಾಕುವ ಮೊದಲು ಪಾತ್ರೆ ಪಡಗ ತೆಗೆಯಬೇಕಾಗಿತ್ತು. ಬೆಳಕಿನಲ್ಲಿ ಅಡಿಗೆಮನೆ ನೋಡಿದರೆ ಉಪ್ಪಿಗೆ ಪಿಂಗಾಣಿ ಜಾಡಿ, ಖಾರದ ಪುಡಿಗೆ ಹಾರ್ಲಿಕ್ಸ್ ಬಾಟಲಿ, ಸಕ್ಕರೆಗೆ ಉದ್ದನೆಯ ತಗಡಿನ ಡಬ್ಬ, ಕಾಫಿ ಪುಡಿಗೆ ಕಂಠ ಸಣ್ಣಗಿರುವ ಹಿತ್ತಾಳೆ ಚೊಂಬು. ಯಾವುದಕ್ಕೂ ಯಾವುದೂ ಜೊತೆಯಲ್ಲ. ನನ್ನ ಹೆಂಡತಿ ನಮ್ಮ ರಾಮನಗರದ ಮನೆಯ ಗೃಹಪ್ರವೇಶದ ವರ್ಷ ಅತ್ತಿಗೆಗೆ ಒಂದೇ ಥರದ ಸ್ಟೀಲ್ ಡಬ್ಬಗಳ ಸೆಟ್ಟು ಕೊಟ್ಟಿದ್ದಳು. ಅದು ಕಾಗದ ಸಮೇತ ಅಟ್ಟದ ಮೇಲಿತ್ತು. ನಾವು ಕೊಟ್ಟಿದ್ದನ್ನು ಮುಟ್ಟಲಿಲ್ಲವಲ್ಲ ಎಂದು ಅವಳು ಎಷ್ಟೋ ದಿನ ಮುನಿಸಿಕೊಂಡಿದ್ದಳು. ಅಣ್ಣನ ಸೊಸೆ ರೂಪ, "ಒಂದೇ ಥರ ಇದ್ರೆ ಕತ್ಲೇಲಿ ಕೈಗೆ ಹೆಂಗೆ ಗೊತ್ತಾಗ್ಬೇಕು ಅನ್ನೋರು ಅತ್ತೆ, ಚಿಕ್ಕಮಾವ" ಅಂದಳು. ನನ್ನ ಹೆಂಡತಿ ಆ ಜಾಡಿಯನ್ನು ಸೆರಗಿನಲ್ಲಿ ಒರೆಸಿ ಒರೆಸಿ ಇಟ್ಟಳು.

ಆ ಮೂರು ತಿಂಗಳು ಅಣ್ಣನ ಮನೆಯವರು ಇದ್ದದ್ದು ಹುಳದ ಮನೆಯಲ್ಲಿ. ಒಂದು ಬೆಳೆ ಬಿಟ್ಟರು. ಹುಳಕ್ಕೋಸ್ಕರ ಮನುಷ್ಯರು ಜಗಲಿಗೆ ಹೋಗುತ್ತಿದ್ದ ವಂಶದಲ್ಲಿ ಮನುಷ್ಯರಿಗೋಸ್ಕರ ಹುಳ ಜಾಗ ಬಿಟ್ಟದ್ದು ಅದೇ ಮೊದಲಿರಬೇಕು. ನಾನು ನೋಡಲು ಹೋದಾಗ ಅಣ್ಣ ಸ್ಟ್ಯಾಂಡುಗಳ ನಡುವೆ ಚಾಪೆ ಹಾಕಿಕೊಂಡು, ತಲೆಗೆ ಟವೆಲ್ಲು ಮುಚ್ಚಿಕೊಂಡು ಮಲಗಿದ್ದ. "ನಾಕೂ ಕಡೆ ಕಿಟಕಿ ಕಣ್ಲಾ. ಯಾವ ಕಡೆ ತಿರುಗುದ್ರೂ ಬೆಳಕು. ಅವಳು ಹೇಳ್ದಂಗೇ ಆಗೋಯ್ತು, ನಾವೇ ಹುಳ ಆಗ್ಬುಟ್ವಿ" ಎಂದ. ಪೂಜೆಯ ದಿನ ಅತ್ತಿಗೆ ಹೇಳಿದ್ದು ನನಗೊಬ್ಬನಿಗೇ ಕೇಳಿಸಿತ್ತು ಎಂದು ನಾನು ಅಂದುಕೊಂಡಿದ್ದೆ.

ಅವಧಿ ಮುಗಿದು, ಶಾಂತಿ ಮಾಡಿಸಿ, ಬೀಗ ತೆಗೆದೆವು. ಒಡೆದ ಗೋಡೆಯನ್ನು ಮತ್ತೆ ಮುಚ್ಚಬೇಕು ಎಂದು ಶಾಸ್ತ್ರ. ಗಾರೆಯವನು ಇಟ್ಟಿಗೆ ಇಳಿಸಿದ. ಕೆಳಗಿನಿಂದ ಕಟ್ಟುತ್ತ ಬಂದವನನ್ನು ಅಣ್ಣ ತೊಡೆಯ ಮಟ್ಟಕ್ಕೆ ನಿಲ್ಲಿಸಿ, "ಸಾಕು, ಮ್ಯಾಲಕ್ಕೆ ಚೌಕಟ್ಟು ಮಡಗು" ಅಂದ. ಕೆಂಪಣ್ಣ ಗೊಣಗಿದ, ಅರ್ಧ ಮುಚ್ಚಿದರೆ ಶಾಸ್ತ್ರ ಆಗುತ್ತದಾ ಅಂತ. "ಅರ್ಧ ಶಾಸ್ತ್ರಕ್ಕಾಯ್ತು, ಅರ್ಧ ಅವಳಿಗಾಯ್ತು" ಎಂದು ಅಣ್ಣ ಒಳಗೆ ಹೋಗಿಬಿಟ್ಟ. ಎರಡು ರೆಕ್ಕೆಯ ಮರದ ಕಿಟಕಿ, ನೆಟ್ಟಗೆ ನಿಂತ ಸರಳು. ಅಳತೆ ಯಾರೂ ಕೇಳಲಿಲ್ಲ, ನನ್ನದೇ ಅಳತೆ. ಆದರೆ ಆ ಒಲೆಯ ಮುಂದೆ ಈಗ ಯಾರೂ ಕೂರುವುದಿಲ್ಲ. ರೂಪ ಪಡಸಾಲೆಯ ಮೂಲೆಯಲ್ಲಿ ಕಟ್ಟೆ ಹಾಕಿಸಿಕೊಂಡು ಗ್ಯಾಸಿನಲ್ಲಿ ನಿಂತೇ ಅಡಿಗೆ ಮಾಡುತ್ತಾಳೆ. ಹಳೆಯ ಅಡಿಗೆಮನೆಯಲ್ಲಿ ಸ್ಪ್ರೇಯರ್ರು, ಗೊಬ್ಬರದ ಚೀಲ ಇವೆ.

ಕಿಟಕಿ ಇಟ್ಟ ಮೇಲಿನ ಮೊದಲ ಭಾನುವಾರ ನಾನು ಎಂದಿನಂತೆ ಹೇಳದೆ ಕೇಳದೆ ಹೋದೆ. ಹುಣಸೆಮರದ ಕೆಳಗೆ ಬಸ್ಸಿಳಿದರೆ ಕಿಟಕಿ ಎದುರಿಗೇ ಕಾಣುತ್ತದೆ. ಬಾಗಿಲಿನಲ್ಲಿ ಹಣೆ ಬಡಿಸಿಕೊಂಡು ಒಳಗೆ ಹೋದಾಗ ಮನೆಯವರು ಉಂಡು ಎದ್ದಿದ್ದರು. ರೂಪ ಗಾಬರಿಯಾಗಿ, "ಒಂದು ಫೋನ್ ಮಾಡಿದ್ರೆ ಮುದ್ದೆ ಮಾಡಿರ್ತಿದ್ದೆ ಚಿಕ್ಕಮಾವ" ಎಂದಳು. ಒಳ್ಳೆಯ ಹುಡುಗಿ, ತಕ್ಷಣ ಎಸರಿಟ್ಟಳು. ನಾನು ದೊಡ್ಡದಾಗಿ, ನಿಮ್ಮತ್ತೆಗೆ ನಾನು ಬರುವುದು ಫೋನಿಲ್ಲದೆಯೇ ಗೊತ್ತಾಗುತ್ತಿತ್ತಮ್ಮ ಎಂದು ಶುರುಮಾಡಿದೆ. ಅವಳು ನೀರಿಗೆ ಹಿಟ್ಟು ಹಾಕುತ್ತ, "ಗೊತ್ತಾಯ್ತಿರ್ನಿಲ್ಲ. ಯಾರು ಬತ್ತಾರೋ ಕಾಣಕ್ಕಿಲ್ವಲ್ಲ ಅಂತ ದಿನಾ ಒಂದು ಮುದ್ದೆ ಜಾಸ್ತಿ ಮಾಡೋರು. ನೀವು ಬರ್ದೆ ಹೋದ್ರೆ ಸಂಜೆ ಹಸೂಗೆ ಹಾಕೋರು" ಅಂದಳು.

ಕೊಟ್ಟಿಗೆಯಲ್ಲಿ ಆ ಹಸು ಮೆಲುಕು ಹಾಕುತ್ತ ನನ್ನ ಕಡೆ ನೋಡುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ಪಾಲಿನ ಮುದ್ದೆ ದಿನವೂ ಆಗುತ್ತಿತ್ತು, ನಾನು ತಿಂಗಳಿಗೊಮ್ಮೆ ಹೋಗಿ ಉಂಡು ಬರುತ್ತಿದ್ದೆ, ಉಳಿದದ್ದನ್ನು ಇದರ ಅಮ್ಮ ಅಜ್ಜಿಯರು, ಆಮೇಲೆ ಇದು ತಿನ್ನುತ್ತಿದ್ದವು. ಊಟ ಮಾಡಿ ಹಳೆಯ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಗೊಬ್ಬರದ ಚೀಲದ ಮೇಲೆ ಕೂತೆ. ಸಂಜೆಯ ಬಸ್ಸು ಬಂತು. ಯಾರು ಇಳಿದರು, ಯಾರು ಹತ್ತಿದರು, ಯಾರ ಕೈಯಲ್ಲಿ ಏನು ಚೀಲ, ಎಲ್ಲವೂ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಷ್ಟು ಚೆನ್ನಾಗಿ ಕಾಣುತ್ತದೆಂದು ಆ ಕಿಟಕಿ ಬರೆದ ನನಗೇ ಗೊತ್ತಿರಲಿಲ್ಲ. ನಾನು ಹತ್ತಬೇಕಾದ ಬಸ್ಸೂ ಅದೇ ಎಂಬುದು ಅದು ಹೋದ ಮೇಲೆ ನೆನಪಾಯಿತು.

ಈಗಲೂ ಊರಿಗೆ ಹೋಗುತ್ತಿರುತ್ತೇನೆ. ಸ್ನೇಹಿತರ ಮುಂದೆ ಮನೆಯನ್ನು ಮೊದಲಿನಷ್ಟು ಹೊಗಳುವುದಿಲ್ಲ. ಬಾಗಿಲು ಹಣೆಗೆ ಬಡಿಯುತ್ತದೆ, ಒಳಗಿನಿಂದ ಯಾರೂ ಕೈ ತೊಳ್ಕೊ ಎನ್ನುವುದಿಲ್ಲ. ಬಸ್ಸಿಳಿದವರನ್ನು ಕಾಣುವುದಕ್ಕೆಂದೇ ಆ ಮನೆಗೆ ಈಗ ಒಂದು ಕಿಟಕಿ ಇದೆ. ನಾನು ಮಾತ್ರ ರಾಮನಗರದಲ್ಲಿ ಬಸ್ಸು ಹತ್ತುವ ಮೊದಲು ರೂಪಳಿಗೆ ಫೋನು ಮಾಡಿ, ಬರುತ್ತಿದ್ದೇನೆ ಕಣಮ್ಮ, ಒಂದು ಮುದ್ದೆ ಜಾಸ್ತಿ ಮಾಡು ಎಂದು ಹೇಳಿ ಹೊರಡುತ್ತೇನೆ.